ಪೂರ್ವಕ್ಕೆ ಬರಬೇಕಿದ್ದ ನೀರು

ಹಿಂಜವಡಿಯ ಕಚೇರಿಗಳಿಗೆ ಓಡಾಡುವ ನಮ್ಮಲ್ಲಿ ಅನೇಕರು ವಾಕಡ್ ಬಳಿ ದಿನಾ ಒಂದು ನದಿ ದಾಟುತ್ತೇವೆ. ಅದು ಮುಳಾ. ಸಹ್ಯಾದ್ರಿಯ ನೆತ್ತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಮುಠಾ ನದಿಯನ್ನು ಕೂಡಿ, ಮುಂದೆ ಭೀಮೆಯನ್ನು ಸೇರುತ್ತದೆ. ಭೀಮೆ ಪಂಢರಪುರ ದಾಟಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತಾಳೆ. ಅಂದರೆ ಮುಳೆಯ ದಾರಿ ಕನ್ನಡನಾಡಿನ ದಾರಿಯೇ. ಆದರೆ ಅದರ ತಲೆಭಾಗದ ನೀರಿನ ಬಹುಪಾಲು ಸುಮಾರು ನೂರು ವರ್ಷಗಳಿಂದ ಈ ಕಡೆಗೆ ಬರುತ್ತಿಲ್ಲ.

ಇದಕ್ಕೆ ಕಾರಣ ಮುಂಬಯಿಯ ಬಟ್ಟೆ ಗಿರಣಿಗಳು. ಅವು ಕಲ್ಲಿದ್ದಲಿನ ಉಗಿಯಿಂದ ನಡೆಯುತ್ತಿದ್ದವು. ಕಲ್ಲಿದ್ದಲು ದೂರದಿಂದ ಬರಬೇಕಿತ್ತು. ಘಟ್ಟದ ಮಳೆಯಿಂದ ವಿದ್ಯುತ್ ತೆಗೆಯುವ ಆಲೋಚನೆ ಜಮ್‌ಶೇಟ್‌ಜಿ ಟಾಟಾ ಅವರದು. ಅವರು 1904ರಲ್ಲಿ ತೀರಿಕೊಂಡರು, ಮಕ್ಕಳು 1910ರಲ್ಲಿ ಕಂಪನಿ ಸ್ಥಾಪಿಸಿದರು. ಲೋಣಾವಳದ ಕೆರೆಗಳ ನೀರಿನಿಂದ ಖೋಪೋಲಿ ಕೇಂದ್ರ 1915ರಲ್ಲಿ ಶುರುವಾಯಿತು. 1922ರಲ್ಲಿ ಭಿವಪುರಿ, 1927ರಲ್ಲಿ ಮುಳಶಿ ಅಣೆಕಟ್ಟಿನ ನೀರಿನಿಂದ ಭೀರಾ ಕೇಂದ್ರ ಬಂದವು.

ಎಂಜಿನಿಯರನ ಕಣ್ಣಿಗೆ ಇದು ಚೆಂದದ ಉಪಾಯ. ನೀರಿನಿಂದ ಸಿಗುವ ಶಕ್ತಿ ಅದರ ಪ್ರಮಾಣ ಮತ್ತು ಅದು ಬೀಳುವ ಎತ್ತರ ಇವೆರಡರ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. ಪೂರ್ವಕ್ಕೆ ಹರಿದರೆ ಮುಳಾ ನಿಧಾನವಾಗಿ ಇಳಿಯುತ್ತದೆ. ಪಶ್ಚಿಮಕ್ಕೆ ಗುಡ್ಡ ಕೊರೆದು ಕೊಳವೆಯಲ್ಲಿ ಬಿಟ್ಟರೆ ಕೆಲವೇ ಕಿಲೋಮೀಟರಿನಲ್ಲಿ ಸುಮಾರು 500 ಮೀಟರ್ ಬೀಳುತ್ತದೆ. ಟರ್ಬೈನು ತಿರುಗಿಸಿದ ಆ ನೀರು ಕುಂಡಲಿಕಾ ನದಿಗಿಳಿದು ಅರಬ್ಬೀ ಸಮುದ್ರ ಸೇರುತ್ತದೆ. ಕೋಲಾಡ್‌ನಲ್ಲಿ ಬೇಸಿಗೆಯಲ್ಲೂ ರಾಫ್ಟಿಂಗ್ ಮಾಡಲು ಸಾಧ್ಯವಾಗಿರುವುದು ಈ ನೀರಿನಿಂದ.

ಮುಳಶಿಯ ಕಣಿವೆ ಖಾಲಿ ಜಾಗವಾಗಿರಲಿಲ್ಲ. ಐವತ್ತರಷ್ಟು ಹಳ್ಳಿಗಳು, ಒಳ್ಳೆಯ ಭತ್ತದ ಗದ್ದೆಗಳು ಇದ್ದವು. ಸರ್ಕಾರ 1894ರ ಭೂಸ್ವಾಧೀನ ಕಾಯ್ದೆಯಡಿ ಕಂಪನಿಗೆ ಭೂಮಿ ಕೊಡಿಸಿತು. 1921ರ ರಾಮನವಮಿಯಂದು ಮಾವಳದ ರೈತರು ಸತ್ಯಾಗ್ರಹಕ್ಕೆ ಕೂತರು. ಪ್ರಾಣ ಕೊಟ್ಟೇವು, ಜಮೀನು ಕೊಡೆವು ಎಂಬುದು ಅವರ ಪಣ. ಮುಂದಾಳು ಪಾಂಡುರಂಗ ಮಹಾದೇವ ಬಾಪಟ್. ಇದೇ ಹೋರಾಟದಿಂದ ಅವರು ‘ಸೇನಾಪತಿ’ ಎನಿಸಿದರು, ಮತ್ತೆ ಮತ್ತೆ ಜೈಲಿಗೆ ಹೋದರು. ಆದರೆ ಆ ಜಮೀನಿನ ಮೇಲೆ ಪುಣೆಯ ಸಾಹುಕಾರರ ಹಕ್ಕೂ ಇತ್ತು. ಅವರಿಗೆ ಹೆಚ್ಚಿನ ಪರಿಹಾರ ಸಿಕ್ಕರೆ ಸಾಕಿತ್ತು, ಉಳುವವನಿಗೆ ಗದ್ದೆಯೇ ಬೇಕಿತ್ತು. ಈ ಒಡಕಿನಲ್ಲಿ ಹೋರಾಟ ಸೊರಗಿತು, ಅಣೆಕಟ್ಟು ಎದ್ದಿತು.

ಈ ಚರಿತ್ರೆ ಓದುವಾಗ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. ಯಾವ ಪ್ರಾಜೆಕ್ಟ್ ಶುರುವಾದರೂ ನಾವು ಮೊದಲು ಬಾಧ್ಯಸ್ಥರ ಪಟ್ಟಿ ಮಾಡುತ್ತೇವೆ. ಮುಳಶಿಯ ಜಗಳದಲ್ಲಿ ಕಂಪನಿ, ಸರ್ಕಾರ, ಸಾಹುಕಾರ, ರೈತ ಎಲ್ಲರೂ ಇದ್ದರು. ಭೀಮೆಯ ಕೆಳದಂಡೆಯವರು ಇರಲಿಲ್ಲ. ಆಗ ಇಂಡಿ ಮುಂಬಯಿ ಪ್ರಾಂತ್ಯದಲ್ಲಿತ್ತು, ಅಫಜಲಪುರ ನಿಜಾಮನ ರಾಜ್ಯದಲ್ಲಿತ್ತು. ನೂರಾರು ಮೈಲಿ ಮೇಲೆ ಆಗುತ್ತಿದ್ದ ತೀರ್ಮಾನಕ್ಕೂ ತಮ್ಮ ನದಿಗೂ ನಂಟಿದೆಯೆಂದು ಅವರನ್ನು ಕೂರಿಸಿಕೊಂಡು ಹೇಳುವ ವ್ಯವಸ್ಥೆಯೇ ಇರಲಿಲ್ಲ.

ಲೆಕ್ಕ ಬಹಳ ತಡವಾಗಿ ಆಯಿತು. ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಕೃಷ್ಣಾ ನೀರು ಹಂಚಿದಾಗ, ಟಾಟಾ ಯೋಜನೆಗಳೆಲ್ಲ ಸೇರಿ ಯಾವುದೇ ಐದು ವರ್ಷಗಳಲ್ಲಿ 212 ಟಿಎಂಸಿಗಿಂತ ಹೆಚ್ಚು ನೀರನ್ನು ಪಶ್ಚಿಮಕ್ಕೆ ತಿರುಗಿಸಬಾರದೆಂದು ಮಿತಿ ಹಾಕಿತು; ಅದನ್ನು ಮಹಾರಾಷ್ಟ್ರದ ಪಾಲಿನಲ್ಲೇ ಸೇರಿಸಿತು. ವರ್ಷಕ್ಕೆ ಸರಾಸರಿ 42 ಟಿಎಂಸಿ. ಕನ್ನಂಬಾಡಿ ಕಟ್ಟೆ ತುಂಬಿದಾಗ ಹಿಡಿಯುವುದು ಸುಮಾರು 49 ಟಿಎಂಸಿ ಎಂದರೆ ಇದರ ಅಳತೆ ತಿಳಿದೀತು.

ಈ ವಿದ್ಯುತ್ತನ್ನು ಹಳಿಯುವುದು ಸುಲಭವಲ್ಲ. ಅದು ಹೊಗೆಯಿಲ್ಲದ್ದು. ಸಂಜೆ ಬೇಡಿಕೆ ಏರಿದಾಗ ನಿಮಿಷಗಳಲ್ಲಿ ಚಾಲೂ ಆಗುತ್ತದೆ; ಕಲ್ಲಿದ್ದಲಿನ ಕೇಂದ್ರಕ್ಕೆ ಅದು ಆಗದು. ಆದರೂ ಇಂದಿನ ಮುಂಬಯಿಯ ಬೇಡಿಕೆಯಲ್ಲಿ ಅದರ ಪಾಲು ಚಿಕ್ಕದು, ಅದನ್ನು ಬೇಡಿದ ಗಿರಣಿಗಳು ಬಹುತೇಕ ಮುಚ್ಚಿವೆ. ಇತ್ತ ಭೀಮಾತೀರದ ಬರ ಹಾಗೇ ಇದೆ. ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಜನ ಪುಣೆ, ಮುಂಬಯಿಗೆ ಬರುತ್ತಲೇ ಇದ್ದಾರೆ. ನೂರು ವರ್ಷದ ಹಿಂದಿನ ಅಗತ್ಯಕ್ಕೆ ತಿರುಗಿಸಿದ ನೀರನ್ನು ಇಂದಿನ ಅಗತ್ಯ ನೋಡಿ ಮತ್ತೊಮ್ಮೆ ಲೆಕ್ಕ ಹಾಕಬೇಕು. ಈ ಸಲ ಪಟ್ಟಿಯಲ್ಲಿ ಕೆಳದಂಡೆಯವರ ಹೆಸರೂ ಇರಬೇಕು.