ಬೆನ್ನಿನ ನೀರು ಹೇಳಿದ ಕಥೆ

ಚಿತ್ರದುರ್ಗದ ಬಳಿಯ ಭೀಮಸಮುದ್ರಕ್ಕೆ ನೀವು ಹೋಗಿದ್ದರೆ ಅಲ್ಲಿಯ ದೊಡ್ಡ ಕೆರೆಯನ್ನು ನೋಡಿಯೇ ಇರುತ್ತೀರಿ. ಕೆರೆಯೆಂದರೆ ಬರಿಯ ನಿಂತ ನೀರಲ್ಲ ಎಂಬುದನ್ನು ಆ ಭಾಗದ ಅಡಿಕೆ ತೋಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಳ್ಳದಿಂದ ನೀರು ಬರಬೇಕು, ತೂಬಿನಿಂದ ಹರಿಯಬೇಕು, ಹೆಚ್ಚಾದದ್ದು ಕೋಡಿಯಲ್ಲಿ ಹೋಗಬೇಕು. ಕೋಡಿ ಮುಚ್ಚಿದರೆ ಏರಿಗೇ ಅಪಾಯ.

ಇಂಥದೇ ಒಂದು ಪುಟ್ಟ ಕೆರೆ ನಮ್ಮೆಲ್ಲರ ತಲೆಬುರುಡೆಯೊಳಗಿದೆ. ಮಿದುಳಿನ ಒಳಗಿನ ಕುಹರಗಳಲ್ಲಿ ಹುಟ್ಟಿ, ಮಿದುಳು ಮತ್ತು ಬೆನ್ನುಹುರಿಯ ಸುತ್ತ ಹರಿದು, ಕೊನೆಗೆ ರಕ್ತವನ್ನು ಸೇರುವ ಈ ತಿಳಿನೀರಿಗೆ ಮಿದುಳು-ಮೇರುದ್ರವ ಎಂದು ಹೆಸರು. ವೈದ್ಯರು ಸಿ.ಎಸ್.ಎಫ್. ಎನ್ನುತ್ತಾರೆ. ವಯಸ್ಕರಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 150 ಮಿಲಿಲೀಟರ್. ಆದರೆ ದಿನವೊಂದಕ್ಕೆ ಹುಟ್ಟುವುದು ಸುಮಾರು 500 ಮಿಲಿಲೀಟರ್. ಅಂದರೆ ಈ ಕೆರೆಯ ನೀರು ದಿನಕ್ಕೆ ಮೂರು ಬಾರಿಗೂ ಹೆಚ್ಚು ಹೊಸದಾಗುತ್ತದೆ.

ಇಷ್ಟು ಮುಖ್ಯವಾದ ದ್ರವ ಬಹುಕಾಲ ಅಂಗರಚನಾ ಪಂಡಿತರ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ. ಕಾರಣ ಸರಳವಾದುದು. ಶವಪರೀಕ್ಷೆ ಮಾಡುವಾಗ ಮೊದಲು ತಲೆಯನ್ನು ಬೇರ್ಪಡಿಸುವ ರೂಢಿಯಿತ್ತು. ಕತ್ತರಿಸಿದೊಡನೆ ನೀರು ಸೋರಿಹೋಗುತ್ತಿತ್ತು. ಇಟಲಿಯ ನೇಪಲ್ಸ್ ನಗರದ ವೈದ್ಯ ಡೊಮೆನಿಕೊ ಕೊಟುನ್ಯೊ ಈ ತಪ್ಪನ್ನು ಗುರುತಿಸಿ, ಬೆನ್ನುಮೂಳೆಯ ಕಾಲುವೆಯಲ್ಲಿ ದ್ರವ ತುಂಬಿರುವುದನ್ನು 1764ರಲ್ಲಿ ಬರೆದು ಪ್ರಕಟಿಸಿದನು. 1820ರ ದಶಕದಲ್ಲಿ ಫ್ರಾನ್ಸಿನ ಫ್ರಾನ್ಸ್ವಾ ಮಜಾಂದಿ ಅದನ್ನು ಜೀವಂತ ಪ್ರಾಣಿಗಳಲ್ಲಿ ತೋರಿಸಿಕೊಟ್ಟನು.

ಜೀವಂತ ಮನುಷ್ಯನಿಂದ ಈ ದ್ರವವನ್ನು ಸುರಕ್ಷಿತವಾಗಿ ತೆಗೆಯುವ ದಾರಿ ದೊರೆತದ್ದು 1891ರಲ್ಲಿ. ಜರ್ಮನಿಯ ಕೀಲ್ ನಗರದ ಹೈನ್ರಿಖ್ ಕ್ವಿಂಕೆ, ತಲೆಯಲ್ಲಿ ನೀರು ತುಂಬಿ ಒತ್ತಡದಿಂದ ನರಳುತ್ತಿದ್ದ ಮಕ್ಕಳ ಸೊಂಟದ ಭಾಗಕ್ಕೆ ಸೂಜಿ ಹಾಕಿ ದ್ರವ ಇಳಿಸಿದನು. ಅವನ ಉದ್ದೇಶ ಒತ್ತಡ ಕಡಿಮೆ ಮಾಡುವುದಾಗಿತ್ತು. ಆದರೆ ಹೊರಬಂದ ದ್ರವವೇ ರೋಗದ ಸಾಕ್ಷಿಯಾಯಿತು. ಆರೋಗ್ಯವಂತರ ದ್ರವ ಬಾವಿಯ ತಿಳಿನೀರಿನಂತಿರುತ್ತದೆ. ಬ್ಯಾಕ್ಟೀರಿಯಾಗಳಿಂದ ಮಿದುಳಿನ ಪೊರೆಗೆ ಉರಿಯೂತ ಬಂದರೆ ಅದು ಕದಡುತ್ತದೆ, ಬಿಳಿ ರಕ್ತಕಣಗಳು ಹೆಚ್ಚುತ್ತವೆ, ಸಕ್ಕರೆಯ ಅಂಶ ಇಳಿಯುತ್ತದೆ.

ಒತ್ತಡದ ಸಮಸ್ಯೆಗೆ ಶಾಶ್ವತ ಪರಿಹಾರ ಸಿಗಲು ಇನ್ನೂ ಆರು ದಶಕ ಬೇಕಾಯಿತು. ಅಮೆರಿಕದ ತಂತ್ರಜ್ಞ ಜಾನ್ ಹೋಲ್ಟರ್ ಇದೇ ತೊಂದರೆಯಿದ್ದ ತನ್ನ ಮಗುವಿಗಾಗಿ, ಶಸ್ತ್ರವೈದ್ಯ ಯೂಜೀನ್ ಸ್ಪಿಟ್ಜ್ ಜೊತೆ ಸೇರಿ, 1950ರ ದಶಕದಲ್ಲಿ ಒಂದು ಪುಟ್ಟ ಕವಾಟ ರೂಪಿಸಿದನು. ಮುಚ್ಚಿದ ಕೋಡಿಗೆ ಬದಲಾಗಿ ಹೊಸ ಕೋಡಿ ತೆಗೆದಂತೆ!

ಈ ದ್ರವದ ಪರೀಕ್ಷೆ ಮಾನಸಿಕ ಆಸ್ಪತ್ರೆಗಳ ಚರಿತ್ರೆಯನ್ನೂ ಬದಲಿಸಿತು. ಆ ಕಾಲದ ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿ ಬುದ್ಧಿ ಕೆಟ್ಟು, ಕೈಕಾಲು ಸೋತು ಸಾಯುತ್ತಿದ್ದ ಅನೇಕ ರೋಗಿಗಳಿದ್ದರು. 1906ರಲ್ಲಿ ವಾಸರ್‌ಮನ್ ಮತ್ತು ಪ್ಲೌಟ್ ಅಂಥವರ ಮಿದುಳು-ಮೇರುದ್ರವದಲ್ಲಿ ಸಿಫಿಲಿಸ್ ರೋಗದ ಕುರುಹನ್ನು ಕಂಡರು. ದೆವ್ವವೂ ಅಲ್ಲ, ಕರ್ಮವೂ ಅಲ್ಲ, ಅದೊಂದು ಸೋಂಕು ಎಂಬುದಕ್ಕೆ ಪ್ರಯೋಗಾಲಯದ ಪುರಾವೆ ದೊರೆಯಿತು.

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಗೌರವದ ಹೆಸರು ಪಡೆಯಿತು. 1954ರಲ್ಲಿ ಅದರ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಮನಸ್ಸಿನ ರೋಗ ಮತ್ತು ನರಗಳ ರೋಗ ಒಂದೇ ಸೂರಿನಡಿ ಬಂದವು. 1970ರ ದಶಕದ ಕೊನೆಯಲ್ಲಿ ಕೋಲಾರದ ಕಡೆ ಮಕ್ಕಳನ್ನು ಬಲಿ ತೆಗೆದುಕೊಂಡ ಜಪಾನೀಸ್ ಮಿದುಳುಜ್ವರದಂಥ ರೋಗಗಳನ್ನು ಖಚಿತಪಡಿಸಿಕೊಳ್ಳಲು ಇಂದು ವೈದ್ಯರು ಈ ದ್ರವದಲ್ಲಿಯೇ ಪ್ರತಿಕಾಯಗಳನ್ನು ಹುಡುಕುತ್ತಾರೆ.

ನಿಮ್ಹಾನ್ಸ್‌ನ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈ ದ್ರವ ಬರಿಯ ಸಾಕ್ಷಿಯೋ, ಅಥವಾ ಹಾನಿಯಲ್ಲಿ ಪಾಲುದಾರನೋ? ಖ್ಯಾತ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರನ್ನು ಗಾಲಿಕುರ್ಚಿಗೆ ಕಟ್ಟಿಹಾಕಿದ ಚಾಲಕ ನರಕೋಶಗಳ ರೋಗವನ್ನು ಹಿಡಿದು ಈ ಪ್ರಶ್ನೆ ಕೇಳಿದರು. 1990ರ ದಶಕದಿಂದ ಟಿ. ಆರ್. ರಾಜು, ಎ. ನಳಿನಿ ಮೊದಲಾದವರ ತಂಡ ಇಂಥ ರೋಗಿಗಳ ಮಿದುಳು-ಮೇರುದ್ರವವನ್ನು ಎಳೆಯ ಇಲಿಮರಿಗಳ ಬೆನ್ನುಹುರಿಯ ಮೇಲೆ ಪ್ರಯೋಗಿಸಿ ನೋಡಿತು. ನರಕೋಶಗಳ ಒಳಗಿನ ತಂತುಗಳಲ್ಲಿ ಅಸಹಜ ಬದಲಾವಣೆ ಕಂಡಿತು. ಅವುಗಳ ಸುತ್ತಲಿನ ಆಸರೆಕೋಶಗಳು ಕೆರಳಿದವು. 2013ರಲ್ಲಿ ಇದೇ ರೋಗಿಗಳ ದ್ರವದಲ್ಲಿ ಕೈಟೊಟ್ರಯೊಸಿಡೇಸ್ ಎಂಬ ಕಿಣ್ವ ಹೆಚ್ಚಾಗಿರುವುದನ್ನೂ ವರದಿ ಮಾಡಿದರು. ರೋಗದ ಮೂಲ ಕಾರಣ ಇದರಿಂದಲೇ ಬಗೆಹರಿಯಿತೆಂದು ನೀವು ತಿಳಿಯಬಾರದು. ಆದರೆ ರೋಗ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವಲ್ಲಿ ಈ ನೀರಿಗೂ ಪಾತ್ರವಿರಬಹುದೆಂಬ ಮಾತಿಗೆ ಬಲ ಬಂದಿತು.

ಇಷ್ಟೆಲ್ಲ ಚರಿತ್ರೆಯನ್ನು ನಿಮಗೇಕೆ ಹೇಳಬೇಕು? ಕಾರಣವಿದೆ. ಬೆನ್ನಿನಿಂದ ನೀರು ತೆಗೆಸಿದರೆ ಸೊಂಟ ಬಿದ್ದುಹೋಗುತ್ತದೆ, ಕಾಲು ಸ್ವಾಧೀನ ತಪ್ಪುತ್ತದೆ ಎಂಬ ಅಂಜಿಕೆ ಹಳ್ಳಿಯಲ್ಲೂ ಪಟ್ಟಣದಲ್ಲೂ ಇದೆ. ನಿಮ್ಮ ಜೀವಶಾಸ್ತ್ರ ಪುಸ್ತಕದ ಬೆನ್ನುಹುರಿಯ ಚಿತ್ರವನ್ನು ತೆರೆದು ನೋಡಿ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲನೆಯ ಅಥವಾ ಎರಡನೆಯ ಕಶೇರುವಿನ ಬಳಿ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಮೂರನೆಯ ಮತ್ತು ನಾಲ್ಕನೆಯ ಕಶೇರುಗಳ ನಡುವೆ. ಅಲ್ಲಿರುವುದು ದ್ರವದಲ್ಲಿ ತೇಲುವ ನರದ ಎಳೆಗಳು ಮಾತ್ರ. ಕೆಲವರಿಗೆ ಕೆಲವು ದಿನ ತಲೆನೋವು ಬರಬಹುದು. ತಲೆಯೊಳಗಿನ ಒತ್ತಡ ಹೆಚ್ಚಿರುವ ಅನುಮಾನವಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ. ತೆಗೆದಷ್ಟು ನೀರು ಕೆಲವೇ ಗಂಟೆಗಳಲ್ಲಿ ಮತ್ತೆ ಹುಟ್ಟುತ್ತದೆ.

ಮಿದುಳಿನ ಪೊರೆಯ ಉರಿಯೂತದಲ್ಲಿ ಮಾತ್ರ ಗಂಟೆ ಗಂಟೆಗೂ ಬೆಲೆಯಿದೆ. ಜ್ವರ, ತಡೆಯಲಾರದ ತಲೆನೋವು, ವಾಂತಿ, ಕುತ್ತಿಗೆ ಸೆಟೆದುಕೊಳ್ಳುವುದು, ಮಂಪರು ಇವು ಕಂಡಾಗ ಮಂತ್ರ ಹಾಕಿಸುತ್ತ ಕುಳಿತರೆ ಮಗು ಉಳಿದರೂ ಕಿವಿಯನ್ನೋ ಬುದ್ಧಿಯನ್ನೋ ಕಳೆದುಕೊಳ್ಳಬಹುದು. ನಾಳೆ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ವೈದ್ಯರು ಈ ಪರೀಕ್ಷೆ ಬೇಕೆಂದಾಗ ಹಿರಿಯರು ಹಿಂದೆಗೆದರೆ, ಅವರ ಪಕ್ಕದಲ್ಲಿ ಕುಳಿತು ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ತೋರಿಸಿ. ನೀವು ಓದಿದ ವಿಜ್ಞಾನ ಅಲ್ಲಿ ಒಂದು ಜೀವ ಉಳಿಸಬಲ್ಲದು.