ಸಂಕೇತ ಮತ್ತು ಸಿಗ್ನಲ್: ಅವುಗಳ ಹೊಂದಿಕೆಯ ಚರಿತ್ರೆ

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮನೆಗಳು ಹೆಚ್ಚಾಗಿ ಒಂದೆಡೆ ಒತ್ತಾಗಿ ನಿಂತವಲ್ಲ. ಅಡಿಕೆ ತೋಟಗಳ ನಡುವೆ, ಗುಡ್ಡ ಗುಡ್ಡಗಳ ನಡುವಣ ತಗ್ಗಿನಲ್ಲಿ, ಅವು ಒಂದೊಂದಾಗಿ ಚದುರಿರುವುವು. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಒಂದು ಗ್ರಾಮದಲ್ಲಿ ವಿದ್ಯಾರ್ಥಿನಿಯೊಬ್ಬಳು ರಸ್ತೆಯ ಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದುದೂ, ಆಕೆಯ ತಂದೆ ಕೊಡೆ ಹಿಡಿದು ನಿಂತಿದ್ದುದೂ ಚಿತ್ರವಾಗಿ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಕ್ಷೀಣವಾದ ಸಿಗ್ನಲಿನಿಂದಲೂ ಸಂದೇಶವನ್ನು ತಪ್ಪಿಲ್ಲದೆ ಹೊರತೆಗೆಯುವ ವಿದ್ಯೆ ಹೇಗೆ ಬೆಳೆಯಿತು, ಆ ವಿದ್ಯೆಗೆ ಇಂತಹ ನೆಲದಲ್ಲಿ ಎದುರಾದ ತೊಡಕು ಯಾವುದು, ಎಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಅಡಿಕೆಯ ಧಾರಣೆಯನ್ನು ಫೋನಿನಲ್ಲಿ ತಿಳಿಸುವವನು ‘ನಾನೂರ ಐವತ್ತು’ ಎಂದು ಹೇಳಿ, ಮತ್ತೆ ‘ನಾಲ್ಕು, ಐದು, ಸೊನ್ನೆ’ ಎಂದು ಬಿಡಿಸಿ ಹೇಳುವುದುಂಟು. ಹೆಚ್ಚಾಗಿ ಹೇಳಿದ ಆ ಮಾತೇ ತಪ್ಪನ್ನು ತಿದ್ದುವ ಸಾಧನ. ಇದನ್ನು ಗಣಿತದ ನಿಯಮಕ್ಕೆ ಒಳಪಡಿಸಿದುದೇ ತಪ್ಪು ತಿದ್ದುವ ಸಂಕೇತ. ಬಿಟ್‌ಗಳನ್ನು ವಿದ್ಯುತ್ತರಂಗದ ಎತ್ತರದ ಮೇಲೋ ಹಂತದ ಮೇಲೋ ಏರಿಸಿ ಕಳುಹಿಸುವ ಕ್ರಿಯೆಗೆ ಮಾಡ್ಯುಲೇಷನ್ ಎಂದು ಹೆಸರು. 1948ರಲ್ಲಿ ಕ್ಲಾಡ್ ಶಾನನ್ ಪ್ರತಿಯೊಂದು ಮಾರ್ಗಕ್ಕೂ ತಪ್ಪಿಲ್ಲದೆ ಸಾಗಿಸಬಹುದಾದ ವೇಗದ ಒಂದು ಮೇರೆಯುಂಟೆಂದು ಸಾಧಿಸಿದನು. 1950ರಲ್ಲಿ ರಿಚರ್ಡ್ ಹ್ಯಾಮಿಂಗನ ಸಂಕೇತಗಳು ಪ್ರಕಟವಾದುವು. ಆದರೆ ಮುಂದಿನ ಎರಡು ದಶಕಗಳಲ್ಲಿ ಸಂಕೇತಕಾರರೂ ಮಾಡ್ಯುಲೇಷನ್ನಿನ ತಜ್ಞರೂ ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ದುಡಿದರು.

ಈ ಅಗಲಿಕೆಯಿಂದ ನಷ್ಟವಿತ್ತು. ತರಂಗಪಟ್ಟಿಯ ಅಗಲ ನಿಶ್ಚಿತವಾಗಿರುವಲ್ಲಿ ಹೆಚ್ಚುವರಿ ಬಿಟ್‌ಗಳನ್ನು ಸೇರಿಸಿದರೆ ಸಂದೇಶದ ವೇಗ ಕುಗ್ಗುವುದು. ವೇಗವನ್ನು ಉಳಿಸಬೇಕಾದರೆ ಸಿಗ್ನಲಿನ ಬಿಂದುಗಳನ್ನು ಹೆಚ್ಚಿಸಬೇಕು. ಹೆಚ್ಚಿಸಿದರೆ ಅವು ಒಂದಕ್ಕೊಂದು ಹತ್ತಿರವಾಗಿ ತಪ್ಪಿಗೆ ಎಡೆಯಾಗುವುದು. ಇವೆರಡನ್ನೂ ಒಂದೇ ಘಟಕವಾಗಿ ರಚಿಸಬೇಕೆಂದು 1974ರಲ್ಲಿ ಜೇಮ್ಸ್ ಮ್ಯಾಸಿ ವಾದಿಸಿದನು. ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿದ್ದ ಗಾಟ್‌ಫ್ರೀಡ್ ಉಂಗರ್‌ಬೋಕ್ 1982ರ ಲೇಖನದಲ್ಲಿ ಇದನ್ನು ಸಾಧಿಸಿ ತೋರಿಸಿದನು. ನಾಲ್ಕು ಹಂತಗಳ ಬದಲು ಎಂಟನ್ನು ತೆಗೆದುಕೊಂಡು, ಹತ್ತಿರದ ಬಿಂದುಗಳನ್ನು ಬೇರ್ಪಡಿಸುವ ಹೊಣೆಯನ್ನು ಸಂಕೇತಕ್ಕೆ ವಹಿಸಿದನು. ಎದುರುಬದುರಾಗಿ ಬಹುದೂರದಲ್ಲಿರುವ ಬಿಂದುಗಳನ್ನು ಕಾವಲಿಲ್ಲದೆ ಬಿಟ್ಟನು. ಅವನ ಅತಿ ಸರಳವಾದ ನಾಲ್ಕು ಸ್ಥಿತಿಗಳ ಸಂಕೇತದಿಂದಲೇ 3 ಡೆಸಿಬಲ್ ಲಾಭ, ಎಂದರೆ ಅರ್ಧದಷ್ಟು ಶಕ್ತಿಯ ಉಳಿತಾಯ, ಗಣಿತದ ಮೇರೆಯಲ್ಲಿ ದೊರೆಯಿತು. 1984ರ ವಿ.32 ಮೋಡೆಮ್ ಈ ತತ್ತ್ವದ ಬಲದಿಂದ ಸಾಮಾನ್ಯ ಟೆಲಿಫೋನ್ ತಂತಿಯಲ್ಲಿ ಸೆಕೆಂಡಿಗೆ 9600 ಬಿಟ್‌ಗಳನ್ನು ಸಾಗಿಸಿತು.

ಆದರೆ ತಂತಿಗೆ ಒಪ್ಪಿದುದು ಗುಡ್ಡಗಾಡಿಗೆ ಒಪ್ಪಲಿಲ್ಲ. ಗೋಪುರದಿಂದ ಹೊರಟ ಅಲೆಗೆ ಗುಡ್ಡ ಅಡ್ಡವಾದರೆ ತಗ್ಗಿನ ಮನೆ ನೆರಳಿಗೆ ಬೀಳುವುದು. ರಸ್ತೆಯ ಏರಿನಲ್ಲಿ ಸಿಗುವ ಸಿಗ್ನಲ್ ಅಂಗಳದಲ್ಲಿ ಸಿಗದು. ಅದೂ ಅಲ್ಲದೆ, ಮರ ಬಂಡೆಗಳಿಗೆ ತಾಗಿ ಹಲವು ದಾರಿಗಳಿಂದ ಬಂದ ಅಲೆಗಳು ಒಮ್ಮೆ ಕೂಡುವುವು, ಒಮ್ಮೆ ಕಳೆಯುವುವು. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಅದರ ಅರ್ಧ, ಒಂದು ಗೇಣಿಗೂ ಕಡಿಮೆ, ಸರಿದರೆ ಸಾಕು, ಸಿಗ್ನಲಿನ ಬಲ ಬದಲಾಗಬಹುದು. ಹೀಗಿರುವಲ್ಲಿ ಕಾವಲಿಲ್ಲದ ಬಿಟ್ ಒಂದೇ ಸಿಗ್ನಲನ್ನು ನಂಬಿರುವುದರಿಂದ, ಆ ಸಿಗ್ನಲ್ ಕುಸಿದೊಡನೆ ಬಿಟ್ಟೂ ಹೋಯಿತು. ಬಿಂದುಗಳ ನಡುವಣ ದೂರಕ್ಕಿಂತಲೂ, ಎರಡು ಸಂದೇಶಗಳು ಎಷ್ಟು ಸಿಗ್ನಲುಗಳಲ್ಲಿ ಭಿನ್ನವಾಗಿವೆ ಎಂಬ ಎಣಿಕೆಯೇ ಇಲ್ಲಿ ಮುಖ್ಯವೆಂದು 1988ರಲ್ಲಿ ದಿವ್ಸಾಲರ್ ಮತ್ತು ಸೈಮನ್ ತೋರಿಸಿದರು. 1992ರಲ್ಲಿ ಜೆಹಾವಿ ಬಿಟ್‌ಗಳನ್ನೇ ಕಲಸಿ ಬೇರೆ ಬೇರೆ ಸಿಗ್ನಲುಗಳಿಗೆ ಹಂಚುವ ಉಪಾಯವನ್ನು ಸೂಚಿಸಿದನು. 1998ರಲ್ಲಿ ಕೈರೆ, ತರಿಕ್ಕೊ, ಬಿಗ್ಲಿಯೇರಿ ಎಂಬವರು ಅದಕ್ಕೆ ಶಾಸ್ತ್ರದ ರೂಪ ಕೊಟ್ಟರು. ಮ್ಯಾಸಿಯ ಮಾತಿನಿಂದ ಒಂದಾದ ಸಂಕೇತ–ಮಾಡ್ಯುಲೇಷನ್ನುಗಳು ಹೀಗೆ ಮತ್ತೆ ತುಸು ಬೇರಾದುವು. ಆದರೆ ಈ ಬಾರಿ ಅರಿತು ಬೇರಾದುವು.

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿ. ಸುಂದರ ರಾಜನ್ ಅವರು ಜಾಫರ್ ಅಲಿ ಖಾನ್ ಅವರೊಡನೆ 2006ರಲ್ಲಿ ಪ್ರಕಟಿಸಿದ ಸಂಕೇತಗಳಲ್ಲಿ ಒಂದು ಬಿಂದುವಿನ ಎರಡು ನಿರ್ದೇಶಾಂಕಗಳು ಬೇರೆ ಬೇರೆಯಾಗಿ ಪ್ರಯಾಣ ಮಾಡುವುವು. ಒಂದು ಅಳಿದರೂ ಇನ್ನೊಂದರಿಂದ ಬಿಂದುವನ್ನು ಗುರುತಿಸುವಂತಾಗಲು ಬಿಂದುಗಳ ಚೌಕವನ್ನೇ ತಕ್ಕ ಕೋನಕ್ಕೆ, ಸುಮಾರು 31.7 ಡಿಗ್ರಿ, ತಿರುಗಿಸುವರು.

2008ರಲ್ಲಿ ರೂಪುಗೊಂಡ ಎಲ್‌ಟಿಇ ಪದ್ಧತಿ, ಎಂದರೆ ನಮ್ಮ 4ಜಿ, ಈ ಅನುಭವದ ಸಾರ. ಫೋನು ತನ್ನ ಮಾರ್ಗದ ಸ್ಥಿತಿಯನ್ನು ಅಳೆದು ಗೋಪುರಕ್ಕೆ ತಿಳಿಸುವುದು. ಗೋಪುರವು ಅದಕ್ಕೆ ತಕ್ಕ ಜೋಡಿಯನ್ನು ಆರಿಸುವುದು. ಮೂಲ ಪಟ್ಟಿಯಲ್ಲಿ 15 ಮೆಟ್ಟಿಲುಗಳಿವೆ. ಕೆಳಗಿನದರಲ್ಲಿ ನಾಲ್ಕು ಬಿಂದುಗಳು. ಕಳುಹಿಸಿದ 1024 ಬಿಟ್‌ಗಳಲ್ಲಿ ಸಂದೇಶದವು 78 ಮಾತ್ರ. ಮೇಲಿನದರಲ್ಲಿ 64 ಬಿಂದುಗಳು. 1024ರಲ್ಲಿ 948 ಸಂದೇಶದವು. ಎರಡರ ವೇಗಕ್ಕೂ ಅಂತರ 36 ಪಟ್ಟಿಗೂ ಮಿಕ್ಕುದು. ತಗ್ಗಿನ ಮನೆಯಲ್ಲಿ ಮಾತು ಕೇಳಿಸಿದರೂ ಪಾಠದ ಚಿತ್ರ ಓಡದಿರುವುದಕ್ಕೆ ಇದೂ ಒಂದು ಕಾರಣ.

ಕೆಳಗಿನ ಮೆಟ್ಟಿಲಿಗೂ ಕೆಳಗೆ ಇಳಿದ ಮನೆಗೆ ಯಾವ ಸಂಕೇತವೂ ನೆರವಾಗದು. ಅಲ್ಲಿಗೆ ಗೋಪುರವೋ ತಂತಿಯೋ ಬರಲೇಬೇಕು. ಸಂಕೇತದ ಗುಣವನ್ನು ಸಂಕೇತದಲ್ಲಿಯೇ ಅಳೆಯಲಾಗದು, ಅದು ಹಾದುಹೋಗುವ ನೆಲದಲ್ಲಿ ಅಳೆಯಬೇಕೆಂಬುದೇ ಈ ಚರಿತ್ರೆಯಿಂದ ತಿಳಿದುಬರುವ ಅಂಶ.