ಸೊಂಟ ಕುಂಟಿದರೆ ಮಾತ್ರ ಲೆಕ್ಕ

ನಾಗಪುರ ಎಂದರೆ ನಮಗೆ ಕಿತ್ತಳೆ, ದೀಕ್ಷಾಭೂಮಿ, ಬಿಸಿಲು. ವೈದ್ಯಕೀಯ ಚರಿತ್ರೆಯಲ್ಲಿ ಈ ಊರು ಬೇರೆ ಕಾರಣಕ್ಕೆ ಬರುತ್ತದೆ. 1958ರಲ್ಲಿ ಶುಕ್ಲಾ ಮತ್ತು ಸೋಲಂಕಿ ಎಂಬ ವೈದ್ಯರು ಮಧ್ಯ ಭಾರತದಲ್ಲಿ ಸಿಕಲ್‌ಸೆಲ್ ಇರುವುದನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ನೀಲಗಿರಿಯ ಬುಡಕಟ್ಟುಗಳಲ್ಲಿ ಅದು 1952ರಲ್ಲೇ ಪತ್ತೆಯಾಗಿತ್ತು. ವಿದರ್ಭದಲ್ಲಿ ಆದಿವಾಸಿಗಳ ಜೊತೆಗೆ ದಲಿತರಲ್ಲಿ, ಹಿಂದುಳಿದ ಜಾತಿಗಳಲ್ಲಿ ಕೂಡ ಕಾಣಿಸಿತು.

ಇದು ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ತಂದೆ ತಾಯಿ ಇಬ್ಬರಿಂದಲೂ ದೋಷ ಬಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ರಕ್ತನಾಳಗಳನ್ನು ಕಟ್ಟುತ್ತದೆ. ಒಬ್ಬರಿಂದ ಮಾತ್ರ ಬಂದವರು ವಾಹಕರು, ಸಾಮಾನ್ಯವಾಗಿ ಆರೋಗ್ಯವಂತರು. ರಕ್ತ ಹೋಗದ ಅಂಗವೇ ಇಲ್ಲವಲ್ಲ. ಹಾಗಾಗಿ ಒಬ್ಬನಿಗೆ ಗುಲ್ಮ ಹಾಳಾಗುತ್ತದೆ, ಇನ್ನೊಬ್ಬಳಿಗೆ ಮೂತ್ರಪಿಂಡ; ಮಕ್ಕಳಿಗೂ ಲಕ್ವ ಹೊಡೆಯಬಹುದು. ನೋವು ಮಾತ್ರ ಎಲ್ಲರಿಗೂ. ನೋವು ಇಳಿದ ದಿನ ನೋಡಿದರೆ ಮನುಷ್ಯ ನೆಟ್ಟಗೇ ಇರುತ್ತಾನೆ.

1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು: ಕಣ್ಣಿನವು ಎರಡು, ಕಿವಿ, ಚಲನೆ, ಗುಣವಾದ ಕುಷ್ಠ, ಬುದ್ಧಿಮಾಂದ್ಯ, ಮನೋರೋಗ. ರಕ್ತ ಇರಲಿಲ್ಲ. ಸಿಕಲ್‌ಸೆಲ್‌ನಿಂದ ತೊಡೆಮೂಳೆಯ ತಲೆ ಸತ್ತು ಕುಂಟತೊಡಗಿದರೆ ಚಲನೆಯ ಲೆಕ್ಕದಲ್ಲಿ ಅರ್ಜಿ ಹಾಕಬಹುದಿತ್ತು. ಅಂದರೆ, ಕಾಯಿಲೆ ಒಂದು ಕೀಲನ್ನು ಕೆಡಿಸುವವರೆಗೆ ಕಾಯಬೇಕಿತ್ತು. ಭಾರತದ ಸಿಕಲ್‌ಸೆಲ್ ಸೌಮ್ಯವಾದದ್ದು ಎಂಬ ನಂಬಿಕೆಯೂ ಬಹುಕಾಲ ಉಳಿದಿತ್ತು. ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ನಾಗಪುರದ ವೈದ್ಯರ ಅಧ್ಯಯನಗಳಲ್ಲಿ ತೀವ್ರ ರೂಪಗಳೂ ಕಂಡವು. ಅದೇ ಊರಿನ ಸಂಪತ್ ರಾಮ್‌ಟೇಕೆ ಸಿಕಲ್‌ಸೆಲ್ ಸೊಸೈಟಿ ಆಫ್ ಇಂಡಿಯಾದ ಮೂಲಕ ರೋಗಿಗಳ ಪರ ದುಡಿದರು. 2018ರಲ್ಲಿ ಅವರಿಗೆ ಮರಣೋತ್ತರ ಪದ್ಮಶ್ರೀ ಬಂತು.

2016ರ ಕಾಯ್ದೆ ಏಳನ್ನು ಇಪ್ಪತ್ತೊಂದು ಮಾಡಿತು. ಹಿಮೋಫಿಲಿಯಾ, ಥಲಸ್ಸೀಮಿಯಾ ಜೊತೆ ಸಿಕಲ್‌ಸೆಲ್ ಕೂಡ ಪಟ್ಟಿಗೆ ಸೇರಿತು. ಗೆಲುವೇ ಸರಿ. ಆದರೆ ಮೀಸಲಾತಿಯಂಥ ಸೌಲಭ್ಯಕ್ಕೆ ಬೇಕಾದದ್ದು ಕನಿಷ್ಠ 40 ಶೇಕಡಾ. ಮುಂದೆ ಐದು ವರ್ಷ ದಾಟಿದ ಸಿಕಲ್‌ಸೆಲ್ ರೋಗಿಗಳಿಗೆ ಕೇಂದ್ರ ಸರ್ಕಾರ ಖಾತರಿಪಡಿಸಿದ ಕನಿಷ್ಠ ಮಟ್ಟ 25. ಪ್ರಮಾಣಪತ್ರದ ಅವಧಿಯನ್ನು ಒಂದು ವರ್ಷದಿಂದ ಮೂರಕ್ಕೆ ಏರಿಸಿದ್ದೂ ಆಗಲೇ. ಹುಟ್ಟಿನಿಂದ ಸಾಯುವತನಕ ಇರುವ ಕಾಯಿಲೆಗೆ ಮೂರು ವರ್ಷದ ಕಾಗದ!

ಎರಡು ವೈಕಲ್ಯಗಳಿದ್ದರೆ ಕೂಡಿಸಲು ಸೂತ್ರವಿದೆ, ಆದರೆ ಅದು ಸಾದಾ ಸಂಕಲನವಲ್ಲ. ಒಂದು 30, ಇನ್ನೊಂದು 20 ಇದ್ದರೆ ಒಟ್ಟು 50 ಆಗುವುದಿಲ್ಲ, ಸುಮಾರು 43. ಇಲ್ಲಿ ಗಡಿ ದಾಟಿತು. 25ಕ್ಕೆ 15 ಸೇರಿಸಿದರೆ ಸುಮಾರು 36, ದಾಟದು.

40 ದಾಟಿದರೂ ಇನ್ನೊಂದು ಬಾಗಿಲಿದೆ. ಕಾಯ್ದೆಯ 32ನೇ ಕಲಮಿನಂತೆ ಉನ್ನತ ಶಿಕ್ಷಣದ ಶೇ. 5 ಸೀಟುಗಳಿಗೆ ರಕ್ತದ ಕಾಯಿಲೆಯವರೂ ಅರ್ಹರು. ಸರ್ಕಾರಿ ನೌಕರಿಯ ಶೇ. 4 ಮೀಸಲಾತಿ ಹೇಳುವ 34ನೇ ಕಲಮಿನಲ್ಲಿ ಕಣ್ಣು, ಕಿವಿ, ಚಲನೆ, ಬುದ್ಧಿ ಮತ್ತು ಮನಸ್ಸಿನ ವೈಕಲ್ಯಗಳಿವೆ, ಇವುಗಳ ಬಹುವೈಕಲ್ಯವೂ ಇದೆ. ರಕ್ತ ಇಲ್ಲ. ನಮ್ಮ ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಾಡಿಗಳ ರೋಗಿಗಳಿಗೂ ಇದೇ ನಿಯಮ. ಪ್ರಮಾಣಪತ್ರ ಹಿಡಿದು ಪದವಿ ಮುಗಿಸಿದ ಹುಡುಗಿ ನೌಕರಿಯ ಮೀಸಲಾತಿ ಕೇಳಿದರೆ, ನೋಡುವುದು ಮತ್ತೆ ಅವಳ ಸೊಂಟ ಎಷ್ಟು ಕುಂಟುತ್ತದೆ ಎಂಬುದನ್ನೇ.